ನಾಟಕವೂ ಬೇಕು, ಪಾಸೂ ಆಗಬೇಕು: ಕಾಲೇಜಿನ ಚಟುವಟಿಕೆ ಮತ್ತು ಓದು ಎರಡನ್ನೂ ನಡೆಸಿಕೊಂಡು ಹೋಗುವುದು ಹೇಗೆ?

ಮೂರನೇ ಸೆಮಿಸ್ಟರ್‌ನಲ್ಲಿ ಒಂದೇ ವಾರ ನನ್ನ ಹೆಸರು ಎರಡು ಪಟ್ಟಿಯಲ್ಲಿ ಬಂತು. ಒಂದು, ಯುವಜನೋತ್ಸವಕ್ಕೆ ಹೋಗುವ ನಾಟಕ ತಂಡದ್ದು. ಇನ್ನೊಂದು, ಅಟೆಂಡೆನ್ಸ್ ಶಾರ್ಟೇಜ್‌ದು. ಎರಡನ್ನೂ ಒಂದೇ ನೋಟಿಸ್ ಬೋರ್ಡಿಗೆ ಅಕ್ಕಪಕ್ಕ ಪಿನ್ ಹೊಡೆದಿದ್ದರು. ಮೊದಲನೆಯದರ ಫೋಟೋ ತೆಗೆದು ಅಮ್ಮನಿಗೆ ಕಳಿಸಿದೆ. ಎರಡನೆಯದನ್ನು ಮನೆಯಲ್ಲಿ ಹೇಳಲು ನಾಲ್ಕು ದಿನ ಬೇಕಾಯಿತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಸೆಮಿಸ್ಟರ್ ಪೂರ್ತಿ ನಾನು ತಪ್ಪಿಸಿದ್ದು ಹನ್ನೊಂದು ಗಂಟೆ ಕ್ಲಾಸ್, ಅಷ್ಟೇ. ಆದರೆ ಅದರಲ್ಲಿ ಒಂಬತ್ತು ಗಂಟೆ ಒಂದೇ ಸಬ್ಜೆಕ್ಟಿನದು. ರಿಹರ್ಸಲ್ ಯಾವಾಗಲೂ ಊಟ ಆದ ಮೇಲಿನ ಪೀರಿಯಡ್‌ಗೆ ಇರುತ್ತಿತ್ತು, ಆ ಹೊತ್ತಿಗೆ ವಾರಕ್ಕೆ ಎರಡು ಸಲ ಮ್ಯಾಥ್ಸ್. ನಾಟಕ ನನ್ನ ಓದನ್ನು ಹಾಳು ಮಾಡಿರಲಿಲ್ಲ. ನಾಟಕ ಎಲ್ಲಿ ಬಂದು ಯಾವುದಕ್ಕೆ ಬಡಿಯುತ್ತಿದೆ ಅಂತ ನಾನು ನೋಡಿರಲಿಲ್ಲ.

ಮುಂದಿನ ಎರಡೂವರೆ ವರ್ಷ ನಾಟಕ ಬಿಡಲಿಲ್ಲ, ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಕೂಡ ಸೇರಿದೆ, ಮತ್ತೆ ಯಾವ ಶಾರ್ಟೇಜ್ ಪಟ್ಟಿಯಲ್ಲೂ ಹೆಸರು ಬರಲಿಲ್ಲ. ಆಗ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಲೆಕ್ಕಗಳೆಲ್ಲ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಎಂಜಿನಿಯರಿಂಗ್‌ನದು, ಯಾಕೆಂದರೆ ನನಗೆ ಚೆನ್ನಾಗಿ ಗೊತ್ತಿರುವುದು ಅದು. ನೀವು ಬಿಎಸ್ಸಿಯೋ ಬಿಕಾಂ‌ಓ ಓದುತ್ತಿದ್ದರೆ, ಅಥವಾ ನಿಮ್ಮದು ಅಟಾನಮಸ್ (ಪಠ್ಯ, ಪರೀಕ್ಷೆ ತಾನೇ ನೋಡಿಕೊಳ್ಳುವ) ಕಾಲೇಜಾದರೆ, ಅಂಕಿಗಳು ಬದಲಾಗುತ್ತವೆ. ಮಾಡುವ ಕ್ರಮ ಬದಲಾಗುವುದಿಲ್ಲ.

ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ

ಓದಿಗೂ ಚಟುವಟಿಕೆಗೂ ದಿನಾ ಜಗಳ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಸುಮಾರು ಹದಿನಾರು ವಾರದ ಸೆಮಿಸ್ಟರ್‌ನಲ್ಲಿ ನಿಜವಾಗಿ ಎರಡೂ ಮುಖಾಮುಖಿ ಆಗುವುದು ಮೂರೋ ನಾಲ್ಕೋ ವಾರ. ಆ ವಾರಗಳು ಯಾವುವು ಅಂತ ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಸೆಮಿಸ್ಟರ್ ಶುರುವಾದ ಮೊದಲ ವಾರದಲ್ಲೇ ಯೂನಿವರ್ಸಿಟಿಯ ಅಕಾಡೆಮಿಕ್ ಕ್ಯಾಲೆಂಡರ್ ಮತ್ತು ನಿಮ್ಮ ಕಾಲೇಜಿನ ಕ್ಯಾಲೆಂಡರ್ ಎರಡನ್ನೂ ಇಳಿಸಿಕೊಳ್ಳಿ. ಕ್ಲಾಸ್ ಗ್ರೂಪಿನಲ್ಲಿ ಬರುತ್ತದೆ, ಇಲ್ಲಾಂದ್ರೆ ಸಿಆರ್ (ಕ್ಲಾಸ್ ಪ್ರತಿನಿಧಿ) ಹತ್ತಿರ ಕೇಳಿ. ಒಂದು ಚಾರ್ಟ್ ಪೇಪರ್ ಮೇಲೆ ನಾಲ್ಕು ತಿಂಗಳ ದಿನಗಳನ್ನು ಗೆರೆ ಹಾಕಿ ಬರೆಯಿರಿ. ಫೋನಿನಲ್ಲಿ ಬೇಡ, ಗೋಡೆ ಮೇಲೆ ಇರಲಿ, ಎದ್ದ ತಕ್ಷಣ ಕಣ್ಣಿಗೆ ಬೀಳಬೇಕು.

ಕೆಂಪು ಪೆನ್ನಿನಲ್ಲಿ ಓದಿನದು ಬರೆಯಿರಿ: ಒಂದನೇ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ), ಎರಡನೇ ಇಂಟರ್ನಲ್ಸ್, ಲ್ಯಾಬ್ ಪರೀಕ್ಷೆ, ಪ್ರಾಜೆಕ್ಟ್ ರಿವ್ಯೂ, ಕೊನೆಯ ಕ್ಲಾಸ್, ಮುಖ್ಯ ಪರೀಕ್ಷೆ. ನೀಲಿಯಲ್ಲಿ ಉಳಿದದ್ದು: ಫೆಸ್ಟ್, ಯುವಜನೋತ್ಸವ, ಸ್ಪೋರ್ಟ್ಸ್ ಮೀಟ್, ಎನ್‌ಎಸ್‌ಎಸ್‌ನ ಏಳು ದಿನದ ವಿಶೇಷ ಶಿಬಿರ, ಎನ್‌ಸಿಸಿ ಕ್ಯಾಂಪ್. ದಿನಾಂಕ ಪಕ್ಕಾ ಆಗಿಲ್ಲದಿದ್ದರೆ ಹೋದ ವರ್ಷ ಯಾವಾಗ ಆಗಿತ್ತು ಅಂತ ಸೀನಿಯರ್‌ಗಳನ್ನು ಕೇಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಫೆಸ್ಟ್ ಎರಡು ದಿನ ಅಂತ ಎರಡೇ ಮನೆಗೆ ನೀಲಿ ಬಳಿಯುತ್ತಾರೆ. ತಂಡದಲ್ಲಿ ಇದ್ದವರಿಗೆ ಗೊತ್ತು, ಅದಕ್ಕೆ ಹಿಂದಿನ ಎಂಟು ದಿನವೂ ಹೋಗುತ್ತದೆ, ಆದ ಮೇಲೆ ಒಂದು ದಿನ ಸುಮ್ನೆ ಮಲಗುವುದಕ್ಕೆ ಹೋಗುತ್ತದೆ. ಹತ್ತು ಹನ್ನೊಂದು ಮನೆಗೆ ಬಣ್ಣ ಬಳಿಯಿರಿ. ನವೆಂಬರ್ ಬಗ್ಗೆ ಬೇರೆಯಾಗಿ ಹೇಳಬೇಕು. ರಾಜ್ಯೋತ್ಸವ ಒಂದನೇ ತಾರೀಕಿಗೆ, ಆದರೆ ನಮ್ಮ ಕಾಲೇಜುಗಳಲ್ಲಿ ಕನ್ನಡ ಸಂಘದ ಕಾರ್ಯಕ್ರಮ ತಿಂಗಳ ಯಾವ ವಾರ ಬೇಕಾದರೂ ಆಗಬಹುದು. ಬೆಸ ಸೆಮಿಸ್ಟರ್‌ನಲ್ಲಿ ಪಾಠ ಮುಗಿಸುವ ಗಡಿಬಿಡಿ, ರೆಕಾರ್ಡ್ ಸಬ್‌ಮಿಶನ್ ಎಲ್ಲ ಅದರ ಹಿಂದೆ ಮುಂದೆಯೇ ಬಂದು ಕೂರುತ್ತವೆ. ನೀವು ಕನ್ನಡ ಸಂಘದಲ್ಲಿದ್ದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ರೆಕಾರ್ಡ್ ಬಾಕಿ ಇಟ್ಟುಕೊಳ್ಳಬೇಡಿ.

ಕೆಂಪು ಮತ್ತು ನೀಲಿ ಒಂದೇ ವಾರದಲ್ಲಿ ಎಲ್ಲಿ ಕೂಡುತ್ತದೋ ಅಲ್ಲಿಗೆ ಒಂದು ದೊಡ್ಡ ವೃತ್ತ ಹಾಕಿ. ಈ ಬರಹದ ಮುಕ್ಕಾಲು ಭಾಗ ಆ ವೃತ್ತಗಳ ಬಗ್ಗೆಯೇ.

ಅಟೆಂಡೆನ್ಸ್ ಅನ್ನು ದುಡ್ಡಿನ ಹಾಗೆ ಲೆಕ್ಕ ಇಡಿ

ವಿಟಿಯುನಲ್ಲಿ 85 ಶೇಕಡಾ ಬೇಕು. ತಕ್ಕ ಕಾರಣ ಇದ್ದರೆ 75ರವರೆಗೆ ರಿಯಾಯಿತಿ ಸಿಗಬಹುದು, ಆದರೆ ಅದು ಪ್ರಿನ್ಸಿಪಾಲರು ಶಿಫಾರಸು ಮಾಡಿ ಮೇಲಿಂದ ಒಪ್ಪಿಗೆ ಬರಬೇಕಾದ ವಿಷಯ. ಅದನ್ನು ನಂಬಿಕೊಂಡು ಯೋಜನೆ ಹಾಕಬೇಡಿ.

ಮುಖ್ಯವಾದದ್ದು ಏನೆಂದರೆ ಈ 85 ಪ್ರತಿ ಸಬ್ಜೆಕ್ಟಿಗೂ ಬೇರೆ ಬೇರೆ. ಒಟ್ಟು 90ಕ್ಕೂ ಮೇಲೆ ಇದೆ ಅಂತ ನೆಮ್ಮದಿಯಾಗಿದ್ದು ಒಂದು ಸಬ್ಜೆಕ್ಟಿನಲ್ಲಿ 77 ಆಗಿ ಸಿಕ್ಕಿಬಿದ್ದವನು ನಾನು. 40 ಗಂಟೆಯ ಒಂದು ಸಬ್ಜೆಕ್ಟ್ ಅಂದರೆ 34 ಗಂಟೆ ಕೂರಲೇಬೇಕು. ಕೈಯಲ್ಲಿ ಉಳಿಯುವುದು ಆರು. 50 ಗಂಟೆಯದಾದರೆ 43 ಬೇಕು, ಉಳಿಯುವುದು ಏಳು. ಈ ಆರು ಏಳರಲ್ಲೇ ಜ್ವರ ಬರಬೇಕು, ಅಕ್ಕನ ಮದುವೆ ಆಗಬೇಕು, ಊರ ಜಾತ್ರೆ ಬರಬೇಕು, ಬಸ್ ಕೆಡಬೇಕು. ಹಾಗಾಗಿ ಚಟುವಟಿಕೆಗೆ ಅಂತ ಒಂದು ಸಬ್ಜೆಕ್ಟಿನಿಂದ ಮೂರಕ್ಕಿಂತ ಜಾಸ್ತಿ ಗಂಟೆ ತೆಗೆಯಬೇಡಿ. ಇದು ನಾನೇ ಹಾಕಿಕೊಂಡ ಮಿತಿ, ಕೊನೆಯವರೆಗೂ ಕೈ ಹಿಡಿಯಿತು.

ಲೆಕ್ಕ ಇಡುವುದು ಸುಲಭ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಸಬ್ಜೆಕ್ಟುಗಳ ಹೆಸರು ಬರೆದು ಪ್ರತಿಯೊಂದರ ಮುಂದೆ ಆರು ಸಣ್ಣ ಚೌಕ ಹಾಕಿ. ಕ್ಲಾಸ್ ತಪ್ಪಿದ ದಿನವೇ ಒಂದು ಚೌಕಕ್ಕೆ ಅಡ್ಡ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ಮೂರು ಚೌಕ ಹೋದ ಸಬ್ಜೆಕ್ಟ್ ಕಂಡ ತಕ್ಷಣ ತಂಡದಲ್ಲಿ ಹೇಳಿಬಿಡಿ: ಇನ್ನು ಮುಂದೆ ಈ ಪೀರಿಯಡ್‌ನಲ್ಲಿ ನಾನು ಬರುವುದಿಲ್ಲ. ನಮ್ಮ ತಂಡದಲ್ಲಿ ಇದನ್ನು ಹೇಳಿದ ಮೇಲೆ ಗೊತ್ತಾಯಿತು, ಇನ್ನೂ ನಾಲ್ವರಿಗೆ ಇದೇ ತೊಂದರೆ, ಯಾರೂ ಬಾಯಿ ಬಿಟ್ಟಿರಲಿಲ್ಲ ಅಷ್ಟೇ. ರಿಹರ್ಸಲ್ ಸಂಜೆ ನಾಲ್ಕೂವರೆಗೆ ಹೋಯಿತು. ಹುಡುಗಿಯರಿಗೆ ಹಾಸ್ಟೆಲ್ ಗೇಟಿನ ಸಮಯ ಇತ್ತು, ಅದಕ್ಕೆ ಆರೂವರೆಗೆ ನಿಲ್ಲಿಸುತ್ತಿದ್ದೆವು. ಎರಡೇ ಗಂಟೆ ಇದೆ ಅಂತ ಗೊತ್ತಿದ್ದರಿಂದ ಎಲ್ಲರೂ ಡೈಲಾಗ್ ಕಲಿತುಕೊಂಡೇ ಬರುತ್ತಿದ್ದರು.

ಕಾಲೇಜಿನ ಪರವಾಗಿ ಹೋದರೆ ಓಡಿ (ಆನ್ ಡ್ಯೂಟಿ, ಅಂದರೆ ಹೋದ ದಿನಗಳ ಹಾಜರಿ) ಸಿಗುತ್ತದೆ. ಆದರೆ ಅದು ತಾನಾಗಿ ಬರುವುದಿಲ್ಲ. ಹೋಗುವ ಮೊದಲು ಲೆಟರ್ ಮೇಲೆ ಸಂಚಾಲಕರ ಮತ್ತು ಎಚ್‌ಒಡಿಯವರ (ವಿಭಾಗದ ಮುಖ್ಯಸ್ಥರ) ಸಹಿ ಹಾಕಿಸಿ, ಫೋಟೋ ತೆಗೆದಿಟ್ಟುಕೊಳ್ಳಿ, ವಾಪಸ್ ಬಂದ ಎರಡು ದಿನದೊಳಗೆ ಪ್ರತಿ ಮೇಷ್ಟ್ರಿಗೂ ತೋರಿಸಿ ರಿಜಿಸ್ಟರ್‌ನಲ್ಲಿ ಹತ್ತಿದೆಯಾ ಅಂತ ನೋಡಿ. ಸೆಮಿಸ್ಟರ್ ಕೊನೆಯಲ್ಲಿ ಒಂದು ಕಟ್ಟು ಲೆಟರ್ ಹಿಡಿದು ಸ್ಟಾಫ್ ರೂಮಿನ ಮುಂದೆ ನಿಂತರೆ ಯಾರಿಗೂ ನೆನಪಿರುವುದಿಲ್ಲ. ಇನ್ನೊಂದು ಮಾತು. ಓಡಿಯಿಂದ ಅಟೆಂಡೆನ್ಸ್ ಬರುತ್ತದೆ, ಪಾಠ ಬರುವುದಿಲ್ಲ.

ವಾರಕ್ಕೆ ಎಷ್ಟು ಗಂಟೆ ನಿಮ್ಮದು?

ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ ಏಳರಂತೆ 49. ಕ್ಲಾಸು ಲ್ಯಾಬು ಸೇರಿ 36 ಅಂತಿಟ್ಟುಕೊಳ್ಳಿ. ಸ್ನಾನ, ಊಟ, ಬಟ್ಟೆ ಒಗೆಯುವುದು ಅಂತ ದಿನಕ್ಕೆ ಮೂರು, ಅಂದರೆ 21. ಬಸ್ಸಿಗೆ ದಿನಕ್ಕೆ ಒಂದೂವರೆ ಗಂಟೆ, ಆರು ದಿನಕ್ಕೆ 9. ಒಟ್ಟು 115. ಉಳಿದದ್ದು 53 ಗಂಟೆ.

53 ಗಂಟೆ ಕಡಿಮೆ ಅಲ್ಲ. ರೆಕಾರ್ಡ್, ಅಸೈನ್‌ಮೆಂಟಿಗೆ 6, ಓದಿಗೆ 14 ಕೊಟ್ಟರೂ 33 ಉಳಿಯುತ್ತದೆ. ಹತ್ತು ಹನ್ನೆರಡು ಗಂಟೆ ನಾಟಕಕ್ಕೋ ಫುಟ್‌ಬಾಲ್‌ಗೋ ಧಾರಾಳವಾಗಿ ಸಿಗುತ್ತದೆ. ಹಾಗಿದ್ದರೆ ಸಮಯ ಎಲ್ಲಿ ಹೋಗುತ್ತಿದೆ? ಒಂದೇ ಒಂದು ವಾರ, ರಾತ್ರಿ ಮಲಗುವ ಮೊದಲು, ಆ ದಿನ ಯಾವ ಗಂಟೆಯಲ್ಲಿ ಏನು ಮಾಡಿದೆ ಅಂತ ಇದ್ದದ್ದು ಇದ್ದ ಹಾಗೆ ಬರೆದಿಡಿ. ನನ್ನದರಲ್ಲಿ ಫೋನಿಗೆ ದಿನಕ್ಕೆ ಮೂರು ಗಂಟೆ ಹೋಗಿತ್ತು, ಕ್ಯಾಂಟೀನಿನಲ್ಲಿ "ಹೊರಡೋಣ" ಅಂತ ಹೇಳುತ್ತಾ ಕೂತದ್ದು ವಾರಕ್ಕೆ ಸುಮಾರು ಐದು ಗಂಟೆ. ಕ್ಯಾಂಟೀನ್ ಬಿಡಿ ಅಂತ ಹೇಳುವುದಿಲ್ಲ, ಕಾಲೇಜಿನ ಗೆಳೆತನ ಹುಟ್ಟುವುದೇ ಅಲ್ಲಿ. ಫೋನಿನ ಮೂರರಲ್ಲಿ ಒಂದೂವರೆ ತೆಗೆದರೆ ವಾರಕ್ಕೆ ಹತ್ತು ಗಂಟೆ ಬಂತು, ಅಷ್ಟು ಸಾಕಾಯಿತು.

ದಿನಾ ಹಳ್ಳಿಯಿಂದ ಎರಡೆರಡು ಬಸ್ ಹಿಡಿದು ಬರುವವರಿಗೆ, ಸಂಜೆ ಪಾರ್ಟ್‌ಟೈಮ್ ಕೆಲಸಕ್ಕೆ ಹೋಗುವವರಿಗೆ, ಮನೆಯಲ್ಲಿ ಹಾಲು ಕರೆದು ಅಡುಗೆಗೆ ಕೈ ಜೋಡಿಸಿ ಬರುವವರಿಗೆ ಈ 53 ಇರುವುದಿಲ್ಲ, 30 ಇದ್ದರೆ ಹೆಚ್ಚು. ಅಂಥವರು ಸೆಮಿಸ್ಟರ್ ಪೂರ್ತಿ ನಡೆಯುವ ಚಟುವಟಿಕೆಗಿಂತ ಒಂದೇ ಕಂತಿನಲ್ಲಿ ಮುಗಿಯುವುದನ್ನು ಹಿಡಿಯಲಿ: ಒಂದು ಶಿಬಿರ, ಒಂದು ಹ್ಯಾಕಥಾನ್, ಒಂದು ನಾಟಕೋತ್ಸವ.

ಸೇರುವ ಮೊದಲು ಮೂರು ಪ್ರಶ್ನೆ ಕೇಳಿ

"ಬಾರೋ, ವಾರಕ್ಕೆ ಎರಡು ಗಂಟೆ ಅಷ್ಟೇ." ಮೊದಲ ವರ್ಷದಲ್ಲಿ ಈ ಮಾತನ್ನು ಕೇಳದವರಿಲ್ಲ. ಸೀನಿಯರ್ ಸುಳ್ಳು ಹೇಳುತ್ತಿಲ್ಲ, ಅವರೂ ಹಾಗೇ ನಂಬಿದ್ದಾರೆ. ಕೆನಡಾದ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಪ್ರಬಂಧ ಮುಗಿಸಲು ಎಷ್ಟು ದಿನ ಬೇಕು ಅಂತ ಕೊನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರು. ಸರಾಸರಿ ಸುಮಾರು 34 ದಿನ ಅಂದರು. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ. ತಮ್ಮದೇ ಕೆಲಸದ ಅಂದಾಜೇ ಹೀಗಾದರೆ ಇನ್ನೊಬ್ಬರು ನಿಮ್ಮ ಪರವಾಗಿ ಹಾಕುವ ಅಂದಾಜು ಎಷ್ಟು ನಂಬಬಹುದು, ಅಲ್ವಾ? ಯಾರು ಎಷ್ಟೇ ಗಂಟೆ ಹೇಳಲಿ, ಅದನ್ನು ಎರಡರಿಂದ ಗುಣಿಸಿಕೊಳ್ಳಿ.

ಆಮೇಲೆ ಕೇಳಿ: ಅತಿ ಜಾಸ್ತಿ ಕೆಲಸ ಇರುವ ವಾರ ಯಾವುದು? ಆ ವಾರ ದಿನಕ್ಕೆ ಎಷ್ಟು ಗಂಟೆ? ನಾನು ಬರದಿದ್ದರೆ ನನ್ನ ಜಾಗದಲ್ಲಿ ಯಾರು ನಿಲ್ಲುತ್ತಾರೆ? ಮೂರನೆಯದಕ್ಕೆ ಉತ್ತರ ಇಲ್ಲದ ಕಡೆ ಹುಷಾರಾಗಿರಿ.

ಒಂದು ಸೆಮಿಸ್ಟರ್‌ಗೆ ಒಂದು ದೊಡ್ಡದು, ಒಂದು ಚಿಕ್ಕದು, ಇಷ್ಟು ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಾಟಕ ದೊಡ್ಡದಾದರೆ ಎನ್‌ಎಸ್‌ಎಸ್ ಚಿಕ್ಕದು. ಎರಡು ಚಟುವಟಿಕೆಯಲ್ಲಿ ಒಟ್ಟಿಗೆ ಕೋಆರ್ಡಿನೇಟರ್ ಆಗಬೇಡಿ. ಸದಸ್ಯನಾದರೆ ರಿಹರ್ಸಲ್ ಮುಗಿದ ಮೇಲೆ ಮನೆಗೆ ಹೋಗಬಹುದು. ಕೋಆರ್ಡಿನೇಟರ್ ಆದರೆ ಫ್ಲೆಕ್ಸ್ ಅಂಗಡಿಯವರು, ಶಾಮಿಯಾನದವರು, ಸೌಂಡ್ ಸಿಸ್ಟಮ್‌ನವರು, ಸ್ಪಾನ್ಸರ್ ಎಲ್ಲರೂ ನಿಮ್ಮ ನಂಬರಿಗೇ ಫೋನ್ ಮಾಡುತ್ತಾರೆ, ಅದೂ ನೀವು ಓದಲು ಕೂತಾಗಲೇ. ಆ ಕೆಲಸ ಬೇಕು ಅನಿಸಿದರೆ ನಾಲ್ಕನೇ ಅಥವಾ ಐದನೇ ಸೆಮಿಸ್ಟರ್‌ನಲ್ಲಿ ತಗೊಳ್ಳಿ. ಮೊದಲ ವರ್ಷ ಕಾಲೇಜನ್ನು ಅರ್ಥ ಮಾಡಿಕೊಳ್ಳುವುದಕ್ಕೆ ಹೋಗುತ್ತದೆ, ಆರರ ನಂತರ ಪ್ಲೇಸ್‌ಮೆಂಟ್ ತಲೆ ಮೇಲೆ ಕೂರುತ್ತದೆ.

ಸೇರುವಾಗ ಇದನ್ನೂ ಮರೆಯಬೇಡಿ: ವಿಟಿಯು 2022ರ ಸ್ಕೀಮ್‌ನಲ್ಲಿ ಮೂರರಿಂದ ಆರನೇ ಸೆಮಿಸ್ಟರ್‌ವರೆಗೆ ಎನ್‌ಎಸ್‌ಎಸ್, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ಹೇಗೂ ಮಾಡಲೇಬೇಕು. ಎಐಸಿಟಿಇ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಕೇಳುವ ಆಕ್ಟಿವಿಟಿ ಪಾಯಿಂಟ್ಸ್, ಅಂದರೆ ಪಾಠದ ಹೊರಗಿನ ಕೆಲಸಕ್ಕೆ ಸಿಗುವ ಅಂಕ, ಬೇರೆ. ಅದು 100 ಬೇಕು. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಹೇಗೂ ಮಾಡಲೇಬೇಕಾದದ್ದನ್ನು ಇಷ್ಟವಾದದ್ದರ ಜೊತೆ ಸೇರಿಸಿಕೊಂಡರೆ ಎಷ್ಟೋ ಗಂಟೆ ಉಳಿಯುತ್ತದೆ. ಎನ್‌ಸಿಸಿಯವರಿಗೆ ಒಂದು ಮಾತು: ಬಿ, ಸಿ ಸರ್ಟಿಫಿಕೇಟ್ ಪರೀಕ್ಷೆಗೆ ಪೆರೇಡ್‌ನಲ್ಲೂ 75 ಶೇಕಡಾ ಹಾಜರಿ ಬೇಕು, ಅದಕ್ಕೂ ಚೌಕ ಹಾಕಿಡಿ.

ಕಡಿಮೆ ಹೊತ್ತು ಓದುವವರು ಓದುವ ರೀತಿ

ಆಟ, ನಾಟಕ ಅಂತ ಓಡಾಡುವವರಿಗೆ ಒಂದೇ ಸಲಕ್ಕೆ ನಾಲ್ಕು ಗಂಟೆ ಸಿಗುವುದಿಲ್ಲ. ನಲವತ್ತು ನಿಮಿಷ, ಇಪ್ಪತ್ತು ನಿಮಿಷ, ಹೀಗೆ ಚೂರು ಚೂರು ಸಿಗುತ್ತದೆ. ಆ ಚೂರಿನಲ್ಲಿ ನೋಟ್ಸ್ ತೆರೆದು ಹಳದಿ ಗೆರೆ ಎಳೆಯುತ್ತಾ ಓದಿದರೆ ಏನೂ ಉಳಿಯುವುದಿಲ್ಲ.

ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಪರೀಕ್ಷೆ ಮಾಡಿ ತೋರಿಸಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿ ಬರೆದವರು ಮುಂದೆ. ನಮಗೆ ಬೇಕಾದದ್ದು ಈ ಎರಡನೆಯದೇ, ಯಾಕೆಂದರೆ ಫೆಸ್ಟ್ ವಾರದಲ್ಲಿ ಮತ್ತೆ ಓದಲು ಪುರುಸೊತ್ತು ಇರುವುದಿಲ್ಲ.

ನಾನು ಮಾಡುತ್ತಿದ್ದದ್ದು ಹೀಗೆ. ಬೆಳಿಗ್ಗೆ ಬಸ್ಸಿನಲ್ಲಿ ಹಿಂದಿನ ದಿನದ ಒಂದು ಪಾಠ ಓದುವುದು. ಇಳಿದ ಮೇಲೆ ಕಾಲೇಜಿನವರೆಗೆ ಹತ್ತು ನಿಮಿಷದ ನಡಿಗೆ, ಆಗ ಅದನ್ನೇ ಮನಸ್ಸಿನಲ್ಲಿ ಇನ್ನೊಬ್ಬರಿಗೆ ಹೇಳಿಕೊಡುವ ಹಾಗೆ ಹೇಳಿಕೊಳ್ಳುವುದು, ಕನ್ನಡದಲ್ಲೇ. ಎಲ್ಲಿ ತಡವರಿಸಿದೆನೋ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಆ ಜಾಗವನ್ನು ಅಂಗೈ ಅಗಲದ ಚೀಟಿಯಲ್ಲಿ ಒಂದು ಸಾಲು ಬರೆದು ಐಡಿ ಕಾರ್ಡಿನ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದೆ. ರಿಹರ್ಸಲ್‌ನಲ್ಲಿ ನನ್ನ ದೃಶ್ಯ ಇಲ್ಲದಾಗ ಆ ಚೀಟಿ ತೆಗೆದು ಮೇಡಂ ಹತ್ತಿರವೋ ಚೆನ್ನಾಗಿ ಓದುವ ಗೆಳೆಯನ ಹತ್ತಿರವೋ ಹೋಗುವುದು. ಒಂದು ಸೆಮಿಸ್ಟರ್‌ಗೆ ಅಂಥ ಅರವತ್ತು ಎಪ್ಪತ್ತು ಚೀಟಿ ಆಗುತ್ತಿದ್ದವು. ಪರೀಕ್ಷೆ ಹಿಂದಿನ ರಾತ್ರಿ ಓದಲು ಅದಕ್ಕಿಂತ ಒಳ್ಳೆಯ ನೋಟ್ಸ್ ಇಲ್ಲ, ಯಾಕೆಂದರೆ ಅದರಲ್ಲಿರುವುದೆಲ್ಲ ನಿಮಗೆ ಬರದೇ ಇದ್ದದ್ದು ಮಾತ್ರ.

ಎರಡನೆಯದು, ಮಾಡ್ಯೂಲ್ ಲೆಕ್ಕ. ವಿಟಿಯು ಪೇಪರ್‌ನಲ್ಲಿ ಐದು ಮಾಡ್ಯೂಲ್ (ಪಠ್ಯದ ಭಾಗ), ಪ್ರತಿಯೊಂದರಿಂದ ಎರಡು ಪೂರ್ಣ ಪ್ರಶ್ನೆ, ಒಂದಕ್ಕೆ ಉತ್ತರಿಸಬೇಕು, 20 ಅಂಕ. ಅಂದರೆ ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಹೋಯಿತು, ಆದರೆ ಒಂದು ಮಾಡ್ಯೂಲ್‌ನ ಅರ್ಧ ಚೆನ್ನಾಗಿ ಬಂದರೂ ಅಲ್ಲಿ ಒಂದಷ್ಟು ಸಿಗುತ್ತದೆ. ಸಮಯ ಕಡಿಮೆ ಇದ್ದಾಗ ಒಂದನ್ನೇ ಅರೆದು ಕುಡಿಯುವುದಕ್ಕಿಂತ ಐದಕ್ಕೂ ಕೈ ಹಾಕಿ. ಮೇಷ್ಟ್ರು ಒಂದು ಮಾಡ್ಯೂಲ್ ಮುಗಿಸಿದ ವಾರವೇ ಅದರ ಹಳೇ ಪ್ರಶ್ನೆಗಳಲ್ಲಿ ಎರಡನ್ನು ಬರೆದು ನೋಡಿ.

ಇಂಟರ್ನಲ್ಸ್ ಬಗ್ಗೆ ಸಡಿಲ ಬಿಡಬೇಡಿ. 50ಕ್ಕೆ 20 ಬರದಿದ್ದರೆ ಮುಖ್ಯ ಪರೀಕ್ಷೆಗೆ ಕೂರುವ ಹಾಗೇ ಇಲ್ಲ. 40ಕ್ಕೂ ಮೇಲೆ ಇಟ್ಟುಕೊಂಡರೆ ಕೊನೆಗೆ ಎಷ್ಟು ನಿರಾಳ ಅಂತ ಅನುಭವಿಸಿದವರಿಗೆ ಗೊತ್ತು. ಬ್ಲೂ ಬುಕ್ (ಇಂಟರ್ನಲ್ಸ್ ಉತ್ತರ ಪುಸ್ತಕ) ಕೈಗೆ ಕೊಟ್ಟಾಗ ಅಂಕ ನೋಡಿ ಮುಚ್ಚಿಡಬೇಡಿ, ಎಲ್ಲಿ ಹೋಯಿತು ಅಂತ ಅಲ್ಲೇ ಕೇಳಿ.

ಲ್ಯಾಬ್ ರೆಕಾರ್ಡ್ ಅದೇ ದಿನ. ಇದಕ್ಕೆ ಬೇರೆ ವಿವರಣೆ ಬೇಡ. ಅದೇ ದಿನ ಬರೆದರೆ ಮುಕ್ಕಾಲು ಗಂಟೆ, ಆರು ಪ್ರಯೋಗ ಗುಡ್ಡೆ ಬಿದ್ದ ಮೇಲೆ ಬರೆದರೆ ಎರಡು ರಾತ್ರಿ.

ವೃತ್ತ ಹಾಕಿದ ವಾರ ಬರುವ ಹತ್ತು ದಿನ ಮೊದಲು

ಈಗ ಗೋಡೆ ಮೇಲಿನ ಹಾಳೆ ನೋಡಿ. ವೃತ್ತಕ್ಕೆ ಹತ್ತು ದಿನ ಇದೆ ಅನ್ನುವಾಗ ಮೂರು ಕೆಲಸ ಮಾಡಬೇಕು.

ಆ ವಾರದ ಅಸೈನ್‌ಮೆಂಟ್ ಈಗಲೇ ಮುಗಿಸಿ ಕೊಟ್ಟುಬಿಡಿ. ಪ್ರಶ್ನೆ ಇನ್ನೂ ಕೊಟ್ಟಿಲ್ಲದಿದ್ದರೆ ಹೋಗಿ ಕೇಳಿ. ಹೆಚ್ಚಿನ ಮೇಷ್ಟ್ರುಗಳಿಗೆ ಮೊದಲೇ ಬಂದು ಕೇಳುವ ಹುಡುಗರನ್ನು ಕಂಡರೆ ಪ್ರೀತಿ. "ಸರ್, ಹದಿನಾಲ್ಕರಿಂದ ಹದಿನಾರು ನಾಟಕ ಸ್ಪರ್ಧೆಗೆ ಹೋಗ್ತಾ ಇದೀನಿ. ಇದು ಲೆಟರ್. ಹದಿನೆಂಟಕ್ಕೆ ಇಂಟರ್ನಲ್ಸ್ ಇದೆ, ಆ ಮೂರು ದಿನದಲ್ಲಿ ಯಾವ ಭಾಗ ಮಾಡ್ತೀರಿ ಅಂತ ಹೇಳಿದ್ರೆ ಮೊದಲೇ ಓದ್ಕೊಂಡಿರ್ತೀನಿ." ಇಷ್ಟೇ ಮಾತು. ಇದೇ ಮಾತನ್ನು ಹತ್ತೊಂಬತ್ತನೇ ತಾರೀಕಿಗೆ ಹೋಗಿ ಹೇಳಿದರೆ ನೆಪ ಆಗುತ್ತದೆ.

ಇನ್ನೊಂದು, ನಿಮ್ಮ ಪರವಾಗಿ ನೋಟ್ಸ್ ಬರೆಯುವ ಒಬ್ಬರನ್ನು ಹೆಸರು ಹಿಡಿದು ಗೊತ್ತು ಮಾಡಿಕೊಳ್ಳಿ. "ಯಾರಾದ್ರೂ ಕಳಿಸ್ರೋ" ಅಂತ ಗ್ರೂಪಿನಲ್ಲಿ ಹಾಕಿದರೆ ಯಾರೂ ಕಳಿಸುವುದಿಲ್ಲ. ನನ್ನ ಬೆಂಚಿನ ಗೆಳೆಯ ವಾಲಿಬಾಲ್ ಆಡುತ್ತಿದ್ದ. ಅವನ ಟೂರ್ನಮೆಂಟಿನಲ್ಲಿ ನಾನು ಕಾರ್ಬನ್ ಇಟ್ಟು ಎರಡು ಪ್ರತಿ ಬರೆಯುತ್ತಿದ್ದೆ, ನನ್ನ ನಾಟಕದಲ್ಲಿ ಅವನು. ಫೋಟೋ ಕಳಿಸಿದರೂ ನಡೆಯುತ್ತದೆ, ಆದರೆ ನನಗಾಗಿ ಒಬ್ಬ ಬರೆಯುತ್ತಿದ್ದಾನೆ ಅಂದರೆ ಅವನು ಅರ್ಥ ಆಗುವ ಹಾಗೆ ಬರೆಯುತ್ತಾನೆ.

ಮೂರನೆಯದು ಮನೆ. ಆ ವಾರ ತಡವಾಗಿ ಬರುತ್ತೇನೆ ಅಂತ ಮೊದಲೇ ಹೇಳಿ, ಹಾಳೆಯನ್ನೇ ತೋರಿಸಿ. ಅಪ್ಪನಿಗೆ ನಾಟಕ ಇಷ್ಟವಾಗದೆ ಇರಬಹುದು, ಆದರೆ ಮಗ ಪರೀಕ್ಷೆ ದಿನಾಂಕವನ್ನೂ ಅಲ್ಲೇ ಕೆಂಪಾಗಿ ಬರೆದಿದ್ದಾನೆ ಅಂತ ಕಣ್ಣಿಗೆ ಕಂಡರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ.

ಆ ವಾರದೊಳಗೆ

ಓದನ್ನು ಸೊನ್ನೆಗೆ ಇಳಿಸಬೇಡಿ. ದಿನಕ್ಕೆ ನಲವತ್ತು ನಿಮಿಷ, ಬೆಳಿಗ್ಗೆಯೇ. ರಾತ್ರಿ ಮೇಕಪ್ ತೆಗೆದು ಬಂದು ಓದುತ್ತೇನೆ ಅಂದುಕೊಳ್ಳಬೇಡಿ, ಆಗುವುದಿಲ್ಲ. ಹೊಸ ಪಾಠ ಬೇಡ, ಚೀಟಿಗಳು ಸಾಕು.

ನಿದ್ದೆ ಆರು ಗಂಟೆಗಿಂತ ಕೆಳಗೆ ಹೋಗದಿರಲಿ. ಸ್ಟೇಜ್ ಕಟ್ಟಲು ಒಂದು ರಾತ್ರಿ ಕೂತದ್ದಾಯಿತು, ಸರಿ. ಸತತ ಎರಡು ಮೂರು ರಾತ್ರಿ ಕೂತರೆ ನಾಟಕದಲ್ಲೂ ಮಾತು ಮರೆಯುತ್ತದೆ. ನಮ್ಮ ತಂಡದಲ್ಲಿ ಅದು ನಡೆದದ್ದು ನನ್ನ ಕಣ್ಣೆದುರೇ. ಎರಡು ತಿಂಗಳು ಒಂದೂ ತಪ್ಪದೆ ಹೇಳಿದ ಸಾಲು, ಬೆಳಕು ಬಿದ್ದಾಗ ಬಾಯಿಗೆ ಬರಲಿಲ್ಲ. ಆ ಹುಡುಗಿ ಹಿಂದಿನ ಎರಡು ರಾತ್ರಿ ಸೆಟ್‌ಗೆ ಬಣ್ಣ ಬಳಿಯುತ್ತಾ ಕೂತಿದ್ದಳು. ತಂಡದಲ್ಲಿ ನೀವು ಸೀನಿಯರ್ ಆಗಿದ್ದರೆ ಪಾತ್ರ ಮಾಡುವವರಿಗೆ ಸೆಟ್ ಕೆಲಸ ಕೊಡಬೇಡಿ.

ಮುಗಿದ ಮರುದಿನ ಪೂರ್ತಿ ರಜೆ ತಗೊಳ್ಳಿ, ಅಂದರೆ ಕ್ಲಾಸಿಗೆ ಹೋಗಿ ಬಂದು ಮಲಗಿ. ಅದರ ಮರುದಿನ ಸಂಜೆ ಗೆಳೆಯನ ನೋಟ್ಸ್ ಇಸಕೊಂಡು ಕೂರಿ. ಹೀಗೆ ಕೂರುವ ದಿನವನ್ನೂ ಹಾಳೆಯಲ್ಲಿ ಮೊದಲೇ ಬರೆದಿಟ್ಟಿರಿ. ಕಾರ್ಯಕ್ರಮದ ಖುಷಿಯಲ್ಲೇ ಇನ್ನೊಂದು ವಾರ ತೇಲುವುದು ತುಂಬಾ ಸುಲಭ.

ಆದರೂ ಹಿಂದೆ ಬಿದ್ದರೆ

ಬೀಳಬಹುದು. ಆಗ ಎಲ್ಲ ಸಬ್ಜೆಕ್ಟನ್ನೂ ಒಟ್ಟಿಗೆ ಎತ್ತಲು ಹೋಗಬೇಡಿ. ಯಾವುದರ ಇಂಟರ್ನಲ್ಸ್ 20ರ ಅಂಚಿನಲ್ಲಿದೆ, ಯಾವುದರ ಚೌಕ ಮುಗಿದಿದೆ ಅಂತ ನೋಡಿ, ಅದೊಂದನ್ನು ಎರಡು ವಾರ ಹಿಡಿಯಿರಿ.

ಆ ಎರಡು ವಾರ ಚಟುವಟಿಕೆಯಿಂದ ರಜೆ ಕೇಳಿ. ಸುಮ್ನೆ ಬರದೆ ಇರುವುದು ಬೇರೆ, ಹೇಳಿ ಹೋಗುವುದು ಬೇರೆ. ಫೋನ್ ಸ್ವಿಚ್ ಆಫ್ ಮಾಡಿ ಮಾಯವಾದವರನ್ನು ತಂಡ ಮರೆಯುವುದಿಲ್ಲ. "ಇಂಥ ತಾರೀಕಿನವರೆಗೆ ಆಗಲ್ಲ, ನನ್ನ ಪಾತ್ರವನ್ನು ಇವನಿಗೆ ಕಲಿಸಿಕೊಟ್ಟಿದ್ದೇನೆ" ಅಂತ ಹೇಳಿ ಹೋದವರನ್ನು ಮತ್ತೆ ಕರೆಯುತ್ತಾರೆ. ಬ್ಯಾಕ್ (ಪಾಸಾಗದೆ ಬಾಕಿಯಾದ ಸಬ್ಜೆಕ್ಟ್) ಉಳಿದಿದ್ದರೆ ಅದರ ಪರೀಕ್ಷೆ ಇರುವ ತಿಂಗಳು ದೊಡ್ಡ ಪಾತ್ರ ಒಪ್ಪಿಕೊಳ್ಳಬೇಡಿ. ಬೆಳಕಿನ ಕೆಲಸ, ಪ್ರಾಪರ್ಟಿ (ರಂಗದ ಮೇಲೆ ಬಳಸುವ ಸಾಮಾನು) ಕೆಲಸ ಕೇಳಿ ತಗೊಳ್ಳಿ. ನಾನು ಆ ಮ್ಯಾಥ್ಸ್ ಬ್ಯಾಕ್ ತೆಗೆದ ಸೆಮಿಸ್ಟರ್‌ನಲ್ಲಿ ಬೆಳಕು ಹಿಡಿದೆ. ಒಂದು ದೃಶ್ಯದಲ್ಲಿ ದೀಪ ಎಷ್ಟು ನಿಧಾನ ಆರಬೇಕು ಅಂತ ಕಲಿತದ್ದು ಆಗಲೇ, ಇವತ್ತಿಗೂ ಅದು ನನಗೆ ನಟನೆಗಿಂತ ಹತ್ತಿರ.

ಭಾನುವಾರ ಸಂಜೆ ಇಪ್ಪತ್ತು ನಿಮಿಷ

ಇದೊಂದು ಅಭ್ಯಾಸ ಮಾಡಿಕೊಂಡರೆ ಮೇಲಿನದೆಲ್ಲ ತಾನಾಗಿ ನಡೆಯುತ್ತದೆ. ಭಾನುವಾರ ಸಂಜೆ ಹಾಳೆಯ ಮುಂದೆ ಕೂತು ಮುಂದಿನ ಎರಡು ವಾರ ನೋಡಿ. ದಿನಾಂಕ ಬದಲಾಗಿದ್ದರೆ ತಿದ್ದಿ. ಚೌಕಗಳನ್ನು ಎಣಿಸಿ. ವಾರದ 14 ಗಂಟೆ ಓದು ಯಾವ ಯಾವ ದಿನ ಯಾವ ಹೊತ್ತಿಗೆ ಅಂತ ಬರೆಯಿರಿ, ರಿಹರ್ಸಲ್ ಇರುವ ದಿನ ಕಡಿಮೆ, ಇಲ್ಲದ ದಿನ ಜಾಸ್ತಿ.

ಅದೇ ಹೊತ್ತಿನಲ್ಲಿ ಆ ವಾರದ ಸರ್ಟಿಫಿಕೇಟ್, ಫೋಟೋ, ಓಡಿ ಲೆಟರ್ ಎಲ್ಲವನ್ನೂ ಒಂದು ಫೋಲ್ಡರಿಗೆ ಹಾಕಿ, ಹಾಕುವಾಗ ತಾರೀಕು, ಜಾಗ, ಎಷ್ಟು ಗಂಟೆ ಅಂತ ಹೆಸರು ಕೊಡಿ. ಆಕ್ಟಿವಿಟಿ ಪಾಯಿಂಟ್ಸ್ ವರದಿ ಕೊಡುವಾಗ ಎರಡನೇ ವರ್ಷದಲ್ಲಿ ಗಿಡ ನೆಟ್ಟ ದಿನದ ಫೋಟೋ ಕೇಳುತ್ತಾರೆ, ಅಷ್ಟರಲ್ಲಿ ಆ ಫೋನೇ ಬದಲಾಗಿರುತ್ತದೆ.